ಗಾಳ ಹಾಕುವ ಮುನ್ನ



ಮೀನು ಹಿಡಿಯುವ ವಿಷಯವಾಗಿ ಮಾತನಾಡಲು ನಾನು ಎಷ್ಟರ ಮಟ್ಟಿಗೆ ಅರ್ಹನೆಂಬ ಪ್ರಶ್ನೆ ಮೊದಲು ಎದ್ದದ್ದು ನಮ್ಮ ಮನೆಯಲ್ಲಿಯೇ. ನಾನು ಈ ಊರಿಗೆ ಬಂದ ಮೇಲೆ ಕೆರೆಯ ದಡದಲ್ಲಿ ಕಳೆದ ಹೊತ್ತನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಯೂ ಮನೆಗೆ ತಂದ ಮೀನನ್ನು ಇನ್ನೊಂದರಲ್ಲಿಯೂ ಇಟ್ಟರೆ, ಸಂತೆಯಲ್ಲಿ ಕೊಂಡುಕೊಳ್ಳುವುದೇ ಅಗ್ಗವೆಂದು ನನ್ನ ಹೆಂಡತಿಯ ಲೆಕ್ಕ. ಅದನ್ನು ನಾನು ಅಲ್ಲಗಳೆಯಲಾರೆ. ಇನ್ನು ಮೀನು ತಿನ್ನದ ಮನೆಯ ಕೇಳುಗರೂ ನಿಮ್ಮಲ್ಲಿ ಇದ್ದೀರಿ. ನೀವು ರೇಡಿಯೋ ಮುಚ್ಚಬೇಕಾಗಿಲ್ಲ. ನಾನು ಹೇಳಲಿರುವುದರಲ್ಲಿ ಅಡಿಗೆಯ ಮಾತು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ.

ಮೂವತ್ತೊಂದು ವರ್ಷ ಬೆಂಗಳೂರಿನ ಕಾಲೇಜೊಂದರಲ್ಲಿ ಪಾಠ ಹೇಳಿದವನು ನಾನು. ಮನೆ ಇದ್ದದ್ದು ಹಲಸೂರು ಕೆರೆಗೆ ಹತ್ತು ನಿಮಿಷದ ನಡಿಗೆಯ ದೂರದಲ್ಲಿ. ಮುಂಜಾನೆ ಕೆರೆಯ ಕಡೆ ನಡೆದುಬರಬೇಕೆಂಬುದು ವೈದ್ಯರ ಅಪ್ಪಣೆ; ನೀರಿನತ್ತ ನೋಡಬೇಕೆಂದು ಅವರೇನೂ ಹೇಳಿರಲಿಲ್ಲ, ನಾನೂ ನೋಡುತ್ತಿರಲಿಲ್ಲ. 2016ರ ಮಾರ್ಚಿ ತಿಂಗಳಲ್ಲಿ ನೋಡಲೇಬೇಕಾಯಿತು. ಸಾವಿರಾರು ಮೀನುಗಳು ಬಿಳಿಯ ಹೊಟ್ಟೆಯನ್ನು ಮೇಲೆ ಮಾಡಿಕೊಂಡು ದಡದುದ್ದಕ್ಕೂ ತೇಲುತ್ತಿದ್ದವು. ನೀರಿನಲ್ಲಿ ಕರಗಿರಬೇಕಾದ ಆಮ್ಲಜನಕ ಸಾಲದೆ ಹೋದದ್ದನ್ನು ಕಾರಣವಾಗಿ ಪತ್ರಿಕೆಗಳು ಬರೆದವು. ನೀರಿನಲ್ಲಿಯೇ ಹುಟ್ಟಿ ಬೆಳೆದ ಪ್ರಾಣಿ ನೀರಿನಲ್ಲಿಯೇ ಉಸಿರುಕಟ್ಟಿ ಸಾಯಬಹುದೆಂಬ ಸಂಗತಿ, ಅಷ್ಟು ಪುಸ್ತಕ ಓದಿದ ನನಗೆ ಆವರೆಗೆ ಹೊಳೆದೇ ಇರಲಿಲ್ಲ. ಮರುವರ್ಷ ನಿವೃತ್ತನಾದೆ. ಹೆಂಡತಿಯ ತವರು ಸೊರಬದ ಸೀಮೆ. ಅವಳ ಪಾಲಿಗೆ ಬಂದ ಒಂದು ಹಳೆಯ ಮನೆ ಬೀಗ ಹಾಕಿಕೊಂಡು ಬಿದ್ದಿತ್ತು. ಪುಸ್ತಕದ ಪೆಟ್ಟಿಗೆಗಳನ್ನು ಲಾರಿಗೆ ಹೇರಿ ಹೊರಟುಬಿಟ್ಟೆವು.

ಆ ಪೆಟ್ಟಿಗೆಗಳ ಜೊತೆಗೆ ಒಂದು ಹೊಸ ಗಾಳದ ಕೋಲೂ ಇತ್ತೆಂಬುದನ್ನು ಸಂಕೋಚದಿಂದಲೇ ಹೇಳುತ್ತೇನೆ. ಅದಕ್ಕೆ ಹೊಣೆ ಸಾಹಿತ್ಯ. ಮೈಸೂರಿನಲ್ಲಿ ಓದು ಮುಗಿಸಿ, ನೌಕರಿಯ ದಾರಿ ಬಿಟ್ಟು, ಮೂಡಿಗೆರೆಯ ಕಾಡಂಚಿಗೆ ಹೋಗಿ 2007ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರನ್ನು ಓದಿದ ನನ್ನ ತಲೆಮಾರಿನ ಎಷ್ಟೋ ಮೇಷ್ಟರುಗಳಿಗೆ, ಊರು ಬಿಟ್ಟು ಹೋಗುವುದೆಂದರೆ ಒಂದು ತೋಟ, ಒಂದು ನಾಯಿ, ಒಂದು ಗಾಳ ಎಂದೇ ಕಲ್ಪನೆ. ಓದಿದ್ದಕ್ಕೂ ಮಾಡಿದ್ದಕ್ಕೂ ನಡುವೆ ಎಷ್ಟು ಅಗಲದ ಕೆರೆ ಇದೆಯೆಂಬುದು ದಡದಲ್ಲಿ ಕುಳಿತ ಮೇಲೆ ತಿಳಿಯುತ್ತದೆ.

ಸೊರಬದ ಕಡೆ ಮಲೆನಾಡು ತನ್ನ ಮೈಯನ್ನು ಸಡಿಲಿಸಿಕೊಂಡು ಬಯಲಿನತ್ತ ಇಳಿಯುತ್ತದೆ. ಅಡಿಕೆ ತೋಟ, ಅದರ ಕೆಳಗೆ ಗದ್ದೆ, ಗದ್ದೆಗಳ ತಲೆಯ ಮೇಲೊಂದು ಕೆರೆ, ಆ ಕೆರೆಯ ಕೋಡಿ ಹರಿದರೆ ಅದನ್ನು ಹಿಡಿಯಲು ಕೆಳಗೆ ಇನ್ನೊಂದು ಕೆರೆ. ಹೀಗೆ ಮೆಟ್ಟಿಲಿಳಿದು ಬಂದ ನೀರು ಹಳ್ಳವಾಗಿ ದಂಡಾವತಿಗೆ, ದಂಡಾವತಿಯಿಂದ ವರದೆಗೆ, ವರದೆಯಿಂದ ತುಂಗಭದ್ರೆಗೆ ಹೋಗಿ ಸೇರುತ್ತದೆ. ಕರ್ನಾಟಕದಲ್ಲಿ ಮೂವತ್ತಾರು ಸಾವಿರಕ್ಕೂ ಹೆಚ್ಚು ಕೆರೆಗಳಿವೆಯೆಂದು ಎಣಿಕೆ. ಇವು ಪ್ರಕೃತಿ ಮಾಡಿಟ್ಟ ಸರೋವರಗಳಲ್ಲ. ಎರಡು ದಿಬ್ಬಗಳ ನಡುವೆ ಮಣ್ಣು ಹೊತ್ತು ಏರಿ ಕಟ್ಟಿ, ಕಲ್ಲಿನ ತೂಬು ಇಟ್ಟು, ಹೆಚ್ಚಾದ ನೀರಿಗೆ ಕೋಡಿ ಬಿಟ್ಟು, ಮನುಷ್ಯರು ಮಾಡಿದವು. ಆದ್ದರಿಂದ ನಮ್ಮ ಕಡೆ ಕೆರೆಯ ಮೀನೆಂದರೆ ಬರಿಯ ನೀರಿನ ಮಾತಲ್ಲ. ಆ ನೀರನ್ನು ಯಾರು ಯಾವಾಗ ಬಿಡುತ್ತಾರೆ, ಯಾರ ಗದ್ದೆಗೆ ಬಿಡುತ್ತಾರೆ ಎಂಬ ಮಾತೂ ಆಗುತ್ತದೆ.

ಮೊದಲ ಆರು ತಿಂಗಳು ನನಗೆ ಒಂದು ಮೀನೂ ಬೀಳಲಿಲ್ಲ. ಊರಿನ ಹುಡುಗರು ಬಿದಿರಿನ ಕಡ್ಡಿ, ತಂಗೂಸಿ, ಒಂದು ಗಾಳ, ನವಿಲುಗರಿಯ ಬುಡದ ಬೆಂಡು, ಇಷ್ಟನ್ನೇ ಹಿಡಿದುಕೊಂಡು ಬಂದು ಅರ್ಧ ಗಂಟೆಯಲ್ಲಿ ಒಂದು ಸಾರಿಗೆ ಆಗುವಷ್ಟು ಹಿಡಿದುಕೊಂಡು ಹೋಗುತ್ತಿದ್ದರು. ಬೆಲೆಬಾಳುವ ಕೋಲು ಹಿಡಿದ ನಾನು ಎರೆಹುಳುಗಳಿಗೆ ಈಜು ಕಲಿಸುತ್ತಿದ್ದೆ. ಮಾತನಾಡಿದರೆ ಮೀನು ಓಡಿಹೋಗುತ್ತವೆಂದು ನಂಬಿ, ದಾರಿಹೋಕರು ನಮಸ್ಕಾರ ಹೇಳಿದರೂ ಉತ್ತರ ಕೊಡದೆ ಅವರ ಅಸಮಾಧಾನವನ್ನೂ ಕಟ್ಟಿಕೊಂಡೆ.

ಆಮೇಲೆ ಪುಸ್ತಕ ತೆಗೆದು ನೋಡಿದಾಗ ನನ್ನ ತಪ್ಪು ತಿಳಿಯಿತು. ಗಾಳಿಯಲ್ಲಿ ಹುಟ್ಟಿದ ಶಬ್ದ ನೀರಿನ ಮೇಲ್ಮೈಗೆ ಬಡಿದು ಬಹುಪಾಲು ಹಿಂದಕ್ಕೆ ಮರಳುತ್ತದೆ. ಅದರ ಶಕ್ತಿಯಲ್ಲಿ ಒಳಕ್ಕಿಳಿಯುವುದು ಸಾವಿರಕ್ಕೆ ಒಂದು ಪಾಲು. ನೀವು ದಡದಲ್ಲಿ ಕುಳಿತು ಯಕ್ಷಗಾನದ ಪದವನ್ನೇ ಹಾಡಿದರೂ ಕೆಳಗಿನವರಿಗೆ ದೊಡ್ಡ ತೊಂದರೆಯಿಲ್ಲ. ಆದರೆ ಹೆಜ್ಜೆ ಹಾಗಲ್ಲ. ಏರಿಯ ಮೇಲೆ ಇಟ್ಟ ಹೆಜ್ಜೆಯ ಅದುರು ಮಣ್ಣಿನ ಮೂಲಕ ನೇರವಾಗಿ ನೀರಿಗೆ ದಾಟುತ್ತದೆ. ಮೀನಿನ ಎರಡು ಪಕ್ಕಗಳಲ್ಲಿಯೂ ಕಿವಿರಿನಿಂದ ಬಾಲದವರೆಗೆ ಒಂದು ಗೆರೆ ಎಳೆದಂತಿರುವುದನ್ನು ನೀವು ಕಂಡಿರಬಹುದು; ಪಾರ್ಶ್ವರೇಖೆಯೆಂದು ಅದರ ಹೆಸರು. ನೀರಿನ ಅತಿ ಸಣ್ಣ ಅಲುಗಾಟವನ್ನೂ ಅದು ಗ್ರಹಿಸುತ್ತದೆ. ಗೆಂಡೆಯ ಜಾತಿಯ ಮೀನುಗಳಿಗೆ ಇನ್ನೊಂದು ಸೌಕರ್ಯವೂ ಉಂಟು. ಅವುಗಳ ಹೊಟ್ಟೆಯಲ್ಲಿರುವ ಗಾಳಿಚೀಲಕ್ಕೂ ಒಳಕಿವಿಗೂ ನಡುವೆ ಪುಟ್ಟ ಮೂಳೆಗಳ ಒಂದು ಸರಪಳಿ ಇದೆ. 1820ರಲ್ಲಿ ಜರ್ಮನಿಯ ವೇಬರ್ ಎಂಬ ವಿದ್ವಾಂಸ ಇದನ್ನು ವಿವರಿಸಿದ. ಗಾಳಿಚೀಲ ಮೃದಂಗದಂತೆ ಅದುರಿ ಆ ಅದುರನ್ನು ಮೂಳೆಗಳು ಕಿವಿಗೆ ಮುಟ್ಟಿಸುತ್ತವೆ. ನಾನು ಬಾಯಿ ಮುಚ್ಚಿಕೊಂಡು ಬೂಟು ಹಾಕಿಕೊಂಡು ಓಡಾಡುತ್ತಿದ್ದೆ. ಹುಡುಗರು ಬಾಯಿ ತೆರೆದುಕೊಂಡು ಬರಿಗಾಲಲ್ಲಿ ಬರುತ್ತಿದ್ದರು.

ನಿಂತುಕೊಂಡು ಗಾಳ ಹಾಕುವುದೂ ತಪ್ಪೇ. ನೀರಿನೊಳಗಿನಿಂದ ಮೇಲೆ ನೋಡುವ ಮೀನಿಗೆ ಹೊರಗಿನ ಲೋಕವೆಲ್ಲ ಒಂದು ದುಂಡನೆಯ ಕಿಟಕಿಯಲ್ಲಿ ಮಾತ್ರ ಕಾಣುತ್ತದೆ. ಬೆಳಕು ಗಾಳಿಯಿಂದ ನೀರಿಗೆ ಇಳಿಯುವಾಗ ಬಾಗುವುದರಿಂದ ಸುಮಾರು 97 ಡಿಗ್ರಿಯ ಆ ಕಿಟಕಿಯೊಳಗೆ ಇಡೀ ಆಕಾಶವೂ ದಡದ ಮರಗಳೂ ಕುಗ್ಗಿ ಕುಳಿತಿರುತ್ತವೆ. ಅದರ ಆಚೆಗೆ ಕೆರೆಯ ತಳವೇ ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ. ತಗ್ಗಿ ಕುಳಿತವನು ಕಿಟಕಿಯ ಅಂಚಿನಲ್ಲಿ ಮಸುಕಾದ ಒಂದು ಗೀಟಾಗುತ್ತಾನೆ. ಎದ್ದು ನಿಂತವನು ಕಿಟಕಿಯೊಳಕ್ಕೆ ತಲೆ ಹಾಕಿದಂತೆ.

ಹಲಸೂರು ಕೆರೆಯ ಒಗಟು ಬಿಡಿಸಿಕೊಂಡದ್ದೂ ಇಲ್ಲಿಯೇ. ಹಗಲಿನಲ್ಲಿ ನೀರಿನ ಹಸಿರು ಗಿಡಗಳೂ ಕಣ್ಣಿಗೆ ಕಾಣದ ಪಾಚಿಯೂ ಬಿಸಿಲಿನ ಬಲದಿಂದ ಆಮ್ಲಜನಕವನ್ನು ಬಿಡುತ್ತವೆ. ರಾತ್ರಿ ಅವೂ ಮೀನುಗಳ ಹಾಗೆಯೇ ಉಸಿರಾಡುತ್ತವೆ, ಕೊಡುವುದು ನಿಂತು ತೆಗೆದುಕೊಳ್ಳುವುದು ಮಾತ್ರ ಉಳಿಯುತ್ತದೆ. ಆದ್ದರಿಂದ ಕೆರೆಯಲ್ಲಿ ಉಸಿರು ಅತ್ಯಂತ ಕಡಿಮೆಯಿರುವುದು ನಮ್ಮ ಕವಿಗಳು ಹಾಡಿ ಹೊಗಳಿದ ಅರುಣೋದಯದ ಹೊತ್ತಿನಲ್ಲಿ. ನೀರಿಗೆ ಕೊಳೆಯೂ ಗೊಬ್ಬರವೂ ಸೇರಿದಷ್ಟು ಪಾಚಿ ಬೆಳೆಯುತ್ತದೆ. ಕೊಳೆಯುವ ವಸ್ತು ತಾನೂ ಆಮ್ಲಜನಕವನ್ನು ನುಂಗುತ್ತದೆ. ಬಿಸಿಯಾದ ನೀರಿಗೆ ಅದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯೇ ಕಡಿಮೆ. ಮೋಡ ಕವಿದ ಎರಡು ದಿನಗಳ ಮರುದಿನ ಮುಂಜಾವಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುವುದನ್ನು ಕಂಡು, ಎಂಥ ಹಸಿವು ಇವಕ್ಕೆ ಎಂದು ನಾನು ಹಿಟ್ಟಿನುಂಡೆ ಎಸೆದದ್ದುಂಟು. ಅದು ಹಸಿವಲ್ಲ, ಏದುಸಿರು. ಬಿಸಿಲು ಏರಿ ನೀರಿಗೆ ಉಸಿರು ತುಂಬಿದ ಮೇಲೆಯೇ ಗೆಂಡೆಗಳು ಮೇಯಲು ತೊಡಗುವುದು. ಅಲ್ಲಿಯವರೆಗೆ ಗಾಳದವನು ಮನೆಯಲ್ಲಿ ಎರಡನೆಯ ಲೋಟ ಕಾಫಿ ಕುಡಿಯಬಹುದು. ನಿಧಾನದ ಊರಿಗೆ ಬಂದೂ ಐದು ಗಂಟೆಗೆ ಅಲಾರಂ ಇಟ್ಟುಕೊಂಡು ಓಡುತ್ತಿದ್ದವನಿಗೆ ಇದನ್ನು ಒಪ್ಪಿಕೊಳ್ಳುವುದು ಸುಲಭವಾಗಲಿಲ್ಲ.

ನಿಧಾನವೆಂಬ ಮಾತನ್ನೂ ಇಲ್ಲಿ ಸ್ವಲ್ಪ ತಿದ್ದಿಕೊಳ್ಳಬೇಕು. ಇಲ್ಲಿ ಬಸ್ಸು ಬರದಿದ್ದರೆ ಯಾರೂ ಗಡಿಯಾರ ನೋಡುವುದಿಲ್ಲ, ನಿಜ. ಹಾಗೆಂದು ಸಸಿ ಕೀಳುವ ದಿನ, ತೂಬು ಎತ್ತುವ ದಿನ, ಅಡಿಕೆಗೆ ಔಷಧಿ ಹೊಡೆಯುವ ದಿನ ಒಂದು ದಿನವೂ ಹಿಂದುಮುಂದಾಗುವುದಿಲ್ಲ. ಪಟ್ಟಣದ ಅವಸರ ನಮ್ಮ ಕೈಯಲ್ಲಿರುವ ಗಡಿಯಾರದ್ದು. ಇಲ್ಲಿಯ ಗಡಿಯಾರ ಮಳೆಯ ಕೈಯಲ್ಲಿದೆ. ಅದನ್ನು ಓದಲು ಬಾರದ ಹೊಸಬನಿಗೆ ಇಲ್ಲಿ ಎಲ್ಲವೂ ಬಿಡುವಾಗಿ ಕಾಣುತ್ತದೆ.

ನನಗೆ ಮೊದಲು ಬಿದ್ದ ದೊಡ್ಡ ಮೀನು ಕಾಟ್ಲ. ಎರಡು ಕಿಲೋ ಮೇಲೆಯೇ ಇದ್ದೀತು. ಶೇಂಗಾಹಿಂಡಿ ಕಲಸಿದ ಮೈದಾ ಉಂಡೆಗೆ ಬಂದದ್ದು. ಬೆಂಡು ಮುಳುಗುವುದರ ಬದಲು ಅಡ್ಡಕ್ಕೆ ಮಲಗಿತು. ಮೇಲ್ಮುಖವಾದ ದೊಡ್ಡ ಬಾಯಿಯಿಂದ ಕಾಟ್ಲ ತಿನಿಸನ್ನು ಮೇಲಕ್ಕೆತ್ತಿ ಹೀರುವ ರೀತಿ ಅದು. ಹತ್ತು ನಿಮಿಷ ಸೆಣಸಿ, ಕೈಯಲ್ಲಿ ನಡುಕ ಹುಟ್ಟಿ, ಕೊನೆಗೆ ಮೀನು ದಡದ ಹುಲ್ಲಿನ ಮೇಲೆ ಹೊಳೆಯುತ್ತ ಮಲಗಿದಾಗ ನನಗಾದ ಹೆಮ್ಮೆಯನ್ನು, ಮೊದಲ ಲೇಖನ ಅಚ್ಚಾದ ದಿನದ ಹೆಮ್ಮೆಗೆ ಮಾತ್ರ ಹೋಲಿಸಬಲ್ಲೆ. ಹಿಂದೆ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ, ಹೆಗಲಮೇಲೆ ಬಲೆ ಹಾಕಿಕೊಂಡ ಒಬ್ಬ ಹಿರಿಯರು.

“ಚೆನ್ನಾಗಿದೆ ಮೇಷ್ಟ್ರೆ ಮೀನು,” ಎಂದರು.

“ಕೆರೆಯ ಕೃಪೆ, ಯಜಮಾನರೆ,” ಎಂದೆ.

“ಕೆರೇದಲ್ಲ. ನಮ್ದು,” ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಹೋದ ವರ್ಷ ಆಗಸ್ಟ್‌ನಾಗೆ ಬಿಟ್ಟಿದ್ದು. ಬೆರಳುದ್ದ ಇತ್ತು.”

ಕೆರೆಯ ಮೀನು ಗಾಳಿ ಬೆಳಕುಗಳ ಹಾಗೆ ಎಲ್ಲರಿಗೂ ಸೇರಿದ್ದೆಂದು ನಾನು ತಿಳಿದಿದ್ದೆ. ಪಟ್ಟಣದವರೆಲ್ಲರೂ ಹಾಗೆಯೇ ತಿಳಿದಿರುತ್ತಾರೆಂದು ತೋರುತ್ತದೆ. ಕಾಟ್ಲ, ರೋಹು, ಮೃಗಾಲ್ ಎಂಬ ಮೂರು ದೊಡ್ಡ ಗೆಂಡೆಗಳು ಮೂಲತಃ ಉತ್ತರದ ಮಹಾನದಿಗಳವು. ಒಂದೇ ಕೆರೆಯಲ್ಲಿ ಮಹಡಿಯ ಮನೆಯ ಮೂರು ಅಂತಸ್ತುಗಳಲ್ಲಿರುವಂತೆ ಇವು ಬಾಳುತ್ತವೆ: ಕಾಟ್ಲ ಮೇಲೆ ತೇಲುವ ಸೂಕ್ಷ್ಮಜೀವಿಗಳನ್ನು ತಿಂದು, ರೋಹು ನಡುನೀರಿನಲ್ಲಿ, ಮೃಗಾಲ್ ತಳದ ಕೊಳೆತ ಎಲೆ ಕೆಸರುಗಳಲ್ಲಿ. ಒಂದರ ಅನ್ನಕ್ಕೆ ಇನ್ನೊಂದು ಕೈ ಹಾಕುವುದಿಲ್ಲ. ಕೆರೆಯಲ್ಲಿ ಚೆನ್ನಾಗಿ ಬೆಳೆಯುವ ಈ ಮೀನುಗಳಿಗೆ ಒಂದೇ ಒಂದು ಕೊರತೆ. ನಿಂತ ನೀರಿನಲ್ಲಿ ಇವು ಮೊಟ್ಟೆಯಿಡುವುದಿಲ್ಲ. ಮಳೆಗಾಲದ ಹೊಸ ನೀರಿನಿಂದ ಉಕ್ಕಿ ಹರಿಯುವ ನದಿಯೇ ಬೇಕು. ಆದ್ದರಿಂದ ಹಿಂದೆ ಬಂಗಾಳದ ನದಿಗಳಲ್ಲಿ ಪ್ರವಾಹದ ಕಾಲಕ್ಕೆ ಮೀನಿನ ಮರಿಯನ್ನು ಸೋಸಿ ಹಿಡಿದು, ರೈಲಿನಲ್ಲಿ ದೂರದ ಪ್ರಾಂತಗಳಿಗೆ ಸಾಗಿಸುತ್ತಿದ್ದರು. ದಾರಿಯಲ್ಲಿ ಸತ್ತದ್ದೆಷ್ಟೋ, ಬದುಕಿ ಉಳಿದವುಗಳಲ್ಲಿಯೂ ಬೇಡದ ಜಾತಿಯವು ಬೆರೆತಿರುತ್ತಿದ್ದವು.

1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯೆಂಬ ವಿಜ್ಞಾನಿಯೂ ಅವರ ಸಂಗಡಿಗರೂ ಈ ಕಷ್ಟಕ್ಕೆ ಪರಿಹಾರ ಕಂಡರು. ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ತಾಯಿ ಮೀನಿಗೂ ಗಂಡು ಮೀನಿಗೂ ಚುಚ್ಚಿ ಕೊಟ್ಟರೆ, ನದಿಯ ಪ್ರವಾಹ ಬಂತೆಂದೇ ಭ್ರಮಿಸಿದಂತೆ ಅವು ಕೊಳದಲ್ಲಿಯೇ ಮೊಟ್ಟೆಯಿಟ್ಟವು. ಇಂದು ನಮ್ಮ ದೇಶದ ಕೆರೆಕೆರೆಗಳಲ್ಲಿಯೂ ಗೆಂಡೆ ಇದ್ದರೆ ಅದು ಆ ಒಂದು ದಿನದ ಫಲ. ಜುಲೈ 10ನ್ನು ಮೀನು ಕೃಷಿಕರ ದಿನವೆಂದು ದೇಶದಲ್ಲಿ ಆಚರಿಸುತ್ತಾರೆ. ಸಾಹಿತ್ಯದ ಮೇಷ್ಟರಾದ ನಮಗೆ ನವ್ಯ ಕಾವ್ಯ ಹುಟ್ಟಿದ ವರ್ಷ ಗೊತ್ತು. ಕೋಟ್ಯಂತರ ಜನರ ಅನ್ನದ ಜೊತೆಗೆ ಸೇರಿದ ಈ ದಿನ ಗೊತ್ತಿಲ್ಲ.

ಹೀಗಾಗಿ ನನ್ನ ಗಾಳಕ್ಕೆ ಬಿದ್ದ ಕಾಟ್ಲ ಆ ಕೆರೆಯಲ್ಲಿ ಹುಟ್ಟಿದ್ದಲ್ಲ. ಅದನ್ನು ಯಾರೋ ದುಡ್ಡು ಕೊಟ್ಟು ಕೊಂಡು, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ರಾತ್ರಿಯ ತಂಪಿನಲ್ಲಿ ಸಾಗಿಸಿ, ಚೀಲವನ್ನು ಕೆರೆಯ ನೀರಿನಲ್ಲಿ ಸ್ವಲ್ಪ ಹೊತ್ತು ತೇಲಬಿಟ್ಟು, ಒಳಗಿನ ನೀರಿಗೂ ಹೊರಗಿನ ನೀರಿಗೂ ಬಿಸಿ ಸಮನಾದ ಮೇಲೆ ಬಾಯಿ ಬಿಚ್ಚಿ ಬಿಟ್ಟದ್ದು. ಕೆರೆಯ ಮೀನಿನ ಹಕ್ಕನ್ನು ಕೆಲವು ವರ್ಷಗಳಿಗೆ ಗುತ್ತಿಗೆ ಹಿಡಿದವರು ಆ ಹಿರಿಯರೂ ಅವರ ಜೊತೆಯವರೂ. ಗುತ್ತಿಗೆಯ ಹಣ ಮೊದಲೇ ಕಟ್ಟಬೇಕು. ಮರಿಯ ಹಣ ಬೇರೆ. ಕೋಡಿ ಜೋರಾಗಿ ಹರಿದರೆ ಅರ್ಧ ಮೀನು ಕೆಳಗಿನ ಕೆರೆಗೆ, ಕೆಳಗಿನ ಗುತ್ತಿಗೆದಾರನ ಪಾಲಿಗೆ. ಮಳೆ ಕಡಿಮೆಯಾಗಿ ಗದ್ದೆಗೆ ತೂಬು ಎತ್ತಿದರೆ, ಬೆಳೆಯುವ ಮೊದಲೇ ಹಿಡಿದು ಮಾರಬೇಕು. ನೀರುಕಾಗೆ, ಕೊಕ್ಕರೆ, ನೀರುನಾಯಿಗಳ ಪಾಲು ಬೇರೆ. ಇಷ್ಟರ ನಡುವೆ, ಪಿಂಚಣಿ ಬರುವ ಮೇಷ್ಟರೊಬ್ಬರು ಹೊತ್ತು ಕಳೆಯಲು ಬಂದು ಕುಳಿತಿದ್ದರು.

ನಾನು ಬೆಲೆ ಕೊಡಲು ಹೋದೆ, ಅವರು ತೆಗೆದುಕೊಳ್ಳಲಿಲ್ಲ. ಆದರೆ ಅಂದು ಅಲ್ಲಿಯೇ ಹುಲ್ಲಿನ ಮೇಲೆ ಕುಳಿತು ಒಂದು ಒಪ್ಪಂದ ಮಾಡಿಕೊಂಡೆವು. ಗೆಂಡೆ ಬಿದ್ದರೆ ತೂಗಿ ಸಂತೆಯ ಬೆಲೆ ಕೊಡುವುದು. ಜಿಲೇಬಿ ಬಿದ್ದರೆ ಎಷ್ಟು ಬೇಕಾದರೂ ಪುಕ್ಕಟೆ. ಜಿಲೇಬಿಯೆಂದರೆ ಸಿಹಿತಿಂಡಿಯಲ್ಲ, ತಿಲಾಪಿಯ ಮೀನಿಗೆ ನಮ್ಮ ಜನ ಇಟ್ಟ ಹೆಸರು. ಆಫ್ರಿಕದ ಮೂಲದ ಈ ಮೀನನ್ನು 1952ರಲ್ಲಿ ಭಾರತಕ್ಕೆ ತಂದರು. ತಾಯಿ ಮೀನು ಮೊಟ್ಟೆಗಳನ್ನೂ ಮರಿಗಳನ್ನೂ ಬಾಯಲ್ಲಿಟ್ಟುಕೊಂಡು ಕಾಯುವುದರಿಂದ ಸಾಯುವ ಮರಿ ಕಡಿಮೆ. ವರ್ಷಕ್ಕೆ ಹಲವು ಬಾರಿ ಮರಿ ಮಾಡುವುದರಿಂದ ಕೆರೆಯನ್ನೆಲ್ಲ ತುಂಬಿಕೊಂಡು, ಬಿಟ್ಟ ಮರಿಗಳ ಮೇವನ್ನು ತಿಂದುಹಾಕುತ್ತದೆ. “ಅದನ್ನ ಹಿಡಿದಷ್ಟೂ ಪುಣ್ಯ ಮೇಷ್ಟ್ರೆ,” ಎಂದು ಯಜಮಾನರು ನನಗೆ ಪರವಾನಗಿ ಕೊಟ್ಟರು.

ಗಾಳವನ್ನು ಬಿಡುವಿನ ವಿನೋದವಾಗಿ ಕಂಡವರಲ್ಲಿ ನಾನೇ ಮೊದಲಿಗನೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅಡಿಗೆ, ಸಂಗೀತ, ಆನೆ, ಕುದುರೆಗಳ ಜೊತೆಗೆ ‘ಮತ್ಸ್ಯವಿನೋದ’ವೆಂಬ ಅಧ್ಯಾಯವೊಂದಿದೆ. ಸುಮಾರು 35 ಬಗೆಯ ಮೀನುಗಳನ್ನು ಅಲ್ಲಿ ಹೆಸರಿಸಿ, ಕಡಲಿನವು, ಹೊಳೆಯವು, ಪೊರೆಯುಳ್ಳವು, ಪೊರೆಯಿಲ್ಲದವು ಎಂದು ವಿಂಗಡಿಸಿದೆ. ಯಾವುದಕ್ಕೆ ಯಾವ ತಿನಿಸು ಹಾಕಿ ಸಾಕಬೇಕು, ಗಾಳವನ್ನು ಹೇಗೆ ಹೂಡಬೇಕು ಎಂಬುದನ್ನೂ ಹೇಳಿದೆ. ಮೀನಿನ ವಿಷಯದಲ್ಲಿ ದೊಡ್ಡ ವಿದ್ವಾಂಸರಾಗಿದ್ದ ಸುಂದರಲಾಲ್ ಹೋರಾ ಅವರು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಈ ಅಧ್ಯಾಯವನ್ನು ಆಧುನಿಕ ವಿಜ್ಞಾನದ ಕಣ್ಣಿನಿಂದ ಪರಿಶೀಲಿಸಿ ಬರೆದಿದ್ದಾರೆ. ಮೀನಿಗೆ ಮೊದಲು ಅನ್ನ ಹಾಕಿ ಬೆಳೆಸಿ, ಆಮೇಲೆ ಗಾಳ ಹಾಕುವ ರಾಜನ ವಿನೋದ ನನಗೆ ನ್ಯಾಯವಾಗಿಯೇ ಕಾಣುತ್ತದೆ. ಆ ಅನ್ನವನ್ನು ಅರಸನ ಪರವಾಗಿ ದಿನವೂ ಹಾಕುತ್ತಿದ್ದವನು ಯಾರೋ, ಅವನಿಗೆ ಗಾಳ ಹಾಕುವ ಅವಕಾಶವಿತ್ತೋ ಇಲ್ಲವೋ.

ಕಾಟ್ಲದ ತಪ್ಪಿಗೆ ಬೆಲೆ ಕಟ್ಟಬಹುದಿತ್ತು. ನನ್ನ ಎರಡನೆಯ ತಪ್ಪು ಹಾಗಲ್ಲ. ಅದನ್ನು ಹೇಳುವುದಕ್ಕಾಗಿಯೇ ಇಷ್ಟು ಹೊತ್ತು ಮಾತನಾಡಿದೆನೆಂದು ತೋರುತ್ತದೆ.

ಬಿಟ್ಟು ಬೆಳೆಸುವ ಮೀನುಗಳಲ್ಲದೆ ಕೆರೆಗೆ ತನ್ನವೇ ಆದ ಮೀನುಗಳೂ ಇವೆ. ಮುರುಗೋಡು, ಚೇಳುಮೀನು, ಕುಚ್ಚು, ಹೀಗೆ. ಕುಚ್ಚು ಮೀನನ್ನು ಕೆಲವೆಡೆ ಕೊರವ, ಕೊರಮೀನು ಎಂದೂ ಕರೆಯುತ್ತಾರೆ. ಹಾವಿನಂಥ ತಲೆ, ಉದ್ದನೆಯ ದುಂಡು ಮೈ. ಕಿವಿರಿನ ಜೊತೆಗೆ ಗಾಳಿಯನ್ನು ನೇರವಾಗಿ ಉಸಿರಾಡುವ ಅಂಗವೊಂದು ಇವುಗಳ ತಲೆಯೊಳಗಿದೆ. ಆದ್ದರಿಂದ ಬೇಸಗೆಯಲ್ಲಿ ಕೆರೆ ಕೆಸರಾದರೂ ಇವು ಸಾಯುವುದಿಲ್ಲ. ಸಂತೆಯಲ್ಲಿ ಅಂಗೈಯಷ್ಟು ನೀರಿನ ಬೋಗುಣಿಯಲ್ಲಿ ಜೀವಂತವಾಗಿ ಹೊರಳಾಡುವ ಮೀನುಗಳು ಇವೇ. ನಿಂತ ನೀರಿನಲ್ಲಿಯೇ ಮರಿ ಮಾಡುವುದೂ ಇವಕ್ಕೆ ಗೊತ್ತು. ಯಾರೂ ಕೊಂಡುತಂದು ಬಿಡಬೇಕಾಗಿಲ್ಲ.

ಇಲ್ಲಿಗೆ ಬಂದ ಎರಡನೆಯ ವರ್ಷದ ಶ್ರಾವಣದಲ್ಲಿ, ಮಳೆ ಬಿಟ್ಟ ಒಂದು ಮಧ್ಯಾಹ್ನ, ಜೊಂಡಿನ ಪಕ್ಕದಲ್ಲಿ ನೀರಿನ ಮೇಲೆ ಯಾರೋ ಕುಂಕುಮ ಚೆಲ್ಲಿದಂತೆ ಕಂಡಿತು. ತಟ್ಟೆಯಗಲದ ಕೆಂಪು. ಅದು ಒಮ್ಮೆ ಮುಳುಗಿ ಮಾಯವಾಗುವುದು, ಒಂದು ಮಾರು ಆಚೆ ಮತ್ತೆ ಏಳುವುದು. ಹತ್ತಿರ ಹೋಗಿ ನೋಡಿದರೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ನೂರಾರು ಮರಿಗಳು. ಅಲ್ಲಿದ್ದ ಹುಡುಗನೊಬ್ಬ, “ಅದ್ರ ಮಧ್ಯಕ್ಕೆ ಒಂದು ಕಪ್ಪೆ ಬಿಡಿ ಮೇಷ್ಟ್ರೆ, ತಟ್ಟನೆ ಹೊಡೀತದೆ,” ಎಂದ. ಗಾಳಕ್ಕೆ ಕಪ್ಪೆ ಸಿಕ್ಕಿಸಿ ಕೆಂಪಿನ ನಡುವೆ ಇಳಿಬಿಟ್ಟೆ. ನೀರು ಸಿಡಿದಂತಾಯಿತು. ಮೊಳಕ್ಕೂ ಮಿಕ್ಕ ಕುಚ್ಚು ಮೀನು. ಇಷ್ಟು ಸುಲಭದಲ್ಲಿ ನನಗೆ ಯಾವ ಮೀನೂ ಸಿಕ್ಕಿರಲಿಲ್ಲ.

ಸುಲಭವೇಕೆಂದರೆ, ಅದು ಹಸಿದು ಬಂದ ಮೀನಲ್ಲ. ಕುಚ್ಚು ಮೀನು ದಡದ ಜೊಂಡಿನ ನಡುವೆ ಗಿಡ ಸರಿಸಿ ಜಾಗ ಮಾಡಿಕೊಂಡು ಮೊಟ್ಟೆಯಿಡುತ್ತದೆ. ಮೊಟ್ಟೆಗಳು ಜೇನಿನ ಬಣ್ಣದ ಮಣಿಗಳಂತೆ ತೇಲುತ್ತವೆ. ಮರಿಯೊಡೆದ ಮೇಲೆ ಅವು ಕೆಂಪಗೆ, ಗುಂಪಾಗಿ, ಮೇಲೆ ಬಂದು ಗಾಳಿ ಕುಡಿದು ಹೋಗುತ್ತಿರುತ್ತವೆ. ಅವು ದೊಡ್ಡವಾಗಿ ಬಣ್ಣ ಬದಲಾಗಿ ಚದರುವವರೆಗೆ, ವಾರಗಟ್ಟಲೆ, ತಂದೆ ತಾಯಿಗಳು ಗುಂಪಿನ ಕೆಳಗೇ ಇದ್ದು ಕಾಯುತ್ತವೆ. ಕಪ್ಪೆ ಬರಲಿ, ಹಾವು ಬರಲಿ, ಇನ್ನೊಂದು ಮೀನು ಬರಲಿ, ಮೇಲೆ ಬೀಳುತ್ತವೆ. ನಾನು ಇಳಿಬಿಟ್ಟ ಕಪ್ಪೆ ಅದಕ್ಕೆ ಆಹಾರವಾಗಿ ಕಾಣಲಿಲ್ಲ, ಮರಿಗಳ ಮೇಲೆ ಬಿದ್ದ ಶತ್ರುವಾಗಿ ಕಂಡಿತು.

ಇದು ನನಗೆ ಆಗ ಗೊತ್ತಿರಲಿಲ್ಲ. ಮೀನನ್ನು ಹಿಡಿದು ಯಜಮಾನರಿಗೆ ತೋರಿಸಲು ಹೋದೆ, ಇದಕ್ಕೆ ಬೆಲೆ ಕೊಡಬೇಕೋ ಬೇಡವೋ ಕೇಳೋಣವೆಂದು. ಅವರು ಬಲೆಗೆ ಗಂಟು ಹಾಕುತ್ತಿದ್ದವರು ತಲೆಯೆತ್ತಿ, “ಮರಿ ಜೊತೆಗಿತ್ತಾ?” ಎಂದು ಕೇಳಿದರು. ಇತ್ತೆಂದೆ. ಮತ್ತೆ ಗಂಟು ಹಾಕತೊಡಗಿದರು. ಬೆಲೆಯ ಮಾತೇ ಬರಲಿಲ್ಲ.

ಮರುದಿನ ನೋಡಿದೆ. ತಟ್ಟೆಯಗಲದ ಕೆಂಪು ಚದರಿ, ಅಲ್ಲೊಂದು ಇಲ್ಲೊಂದು ಚೂರಾಗಿತ್ತು. ಜೋಡಿಯ ಇನ್ನೊಂದು ಮೀನು ಇತ್ತೋ, ಅದನ್ನೂ ಆ ಹುಡುಗ ಹಿಡಿದನೋ ನಾನು ಕೇಳಲಿಲ್ಲ. ಮಿಂಚುಳ್ಳಿಯೊಂದು ಜೊಂಡಿನ ಮೇಲಿಂದ ಮತ್ತೆ ಮತ್ತೆ ಎರಗುತ್ತಿತ್ತು. ಮೂರನೆಯ ದಿನ ನೀರು ಬರಿಯ ನೀರಾಗಿತ್ತು. ಜೈನ ಕಥಾಸಾಹಿತ್ಯದಲ್ಲಿ ಮೃಗಸೇನನೆಂಬ ಬೆಸ್ತನ ಕಥೆ ಬರುತ್ತದೆ. ಬಲೆಗೆ ಮೊದಲು ಬಿದ್ದ ಮೀನನ್ನು ಬಿಟ್ಟುಬಿಡುವೆನೆಂದು ಮುನಿಯೊಬ್ಬನಿಗೆ ಮಾತು ಕೊಟ್ಟವನು. ಆ ದಿನ ಅದೇ ಮೀನು ಐದು ಬಾರಿ ಬಲೆಗೆ ಬೀಳುತ್ತದೆ, ಐದು ಬಾರಿಯೂ ಅವನು ಬಿಡುತ್ತಾನೆ. ತರಗತಿಯಲ್ಲಿ ಇದನ್ನು ವ್ರತನಿಷ್ಠೆಗೆ ಉದಾಹರಣೆಯಾಗಿ ಎಷ್ಟೋ ಸಲ ಹೇಳಿದ್ದೆ. ಬರಿಗೈಯಲ್ಲಿ ಮನೆಗೆ ಹೋದ ಅವನಿಗೆ ಹೆಂಡತಿ ಬಾಗಿಲು ತೆರೆಯಲಿಲ್ಲವೆಂಬ ಭಾಗವನ್ನು ನಗಿಸುವುದಕ್ಕೆಂದು ಹೇಳುತ್ತಿದ್ದೆ. ಮೀನು ಹಿಡಿದು ಬದುಕುವವನು ಮೀನನ್ನು ಬಿಡುವುದೆಂದರೆ ಏನೆಂಬುದು ನನಗೆ ಆಗ ತಿಳಿದಿರಲಿಲ್ಲ.

ಈ ಸೀಮೆಯವರೆಲ್ಲ ಮರಿಯ ಕಾಲವನ್ನು ಕಾಪಾಡುವ ಋಷಿಗಳೆಂದು ನೀವು ಭಾವಿಸಬಾರದು. ಮೃಗಶಿರಾ ಮಳೆ ಹಿಡಿದ ಮೊದಲ ರಾತ್ರಿಗಳಲ್ಲಿ ಹಳ್ಳದ ಮೀನು ಹೊಸನೀರಿನ ವಾಸನೆ ಹಿಡಿದು ಮೊಟ್ಟೆಯಿಡಲು ಗದ್ದೆಗಳತ್ತ ಏರುತ್ತವೆ. ಹತ್ತುಮೀನೆಂದು ಇದಕ್ಕೆ ಹೆಸರು. ಲಾಟೀನು, ಕತ್ತಿ, ಬಿದಿರಿನ ಬುಟ್ಟಿ ಹಿಡಿದು ಊರೇ ಮಳೆಯಲ್ಲಿ ನಿಲ್ಲುತ್ತದೆ. ಹಿಡಿಯುವುದೆಲ್ಲ ಬಸುರಿ ಮೀನುಗಳನ್ನೇ. ತಲೆತಲಾಂತರದಿಂದ ಹೀಗೆ ಹಿಡಿದೂ ಹಳ್ಳದಲ್ಲಿ ಮೀನು ಉಳಿದಿತ್ತಲ್ಲ ಎಂದು ಅವರು ಕೇಳುತ್ತಾರೆ; ಕೈಯಲ್ಲಿ ಕತ್ತಿ ಇದ್ದವನು ಎಷ್ಟು ಹಿಡಿದಾನು ಎಂಬುದು ಅದಕ್ಕೆ ಉತ್ತರ. ಈಗ ಹಳ್ಳಕ್ಕೆ ಅಡ್ಡಲಾಗಿ ಸೊಳ್ಳೆಪರದೆಯಂಥ ಬಲೆ ಕಟ್ಟುವವರು, ನೀರಿಗೆ ವಿದ್ಯುತ್ ಹಾಯಿಸುವವರು, ಬ್ಲೀಚಿಂಗ್ ಪುಡಿ ಸುರಿಯುವವರು ಬಂದಿದ್ದಾರೆ. ಇವರನ್ನು ಕತ್ತಿಯವರ ಸಾಲಿಗೆ ಸೇರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ನನ್ನ ಗಾಳ ಮತ್ತು ಕಪ್ಪೆಯನ್ನು ಯಾವ ಸಾಲಿಗೆ ಸೇರಿಸಬೇಕೆಂಬುದೂ ಇತ್ಯರ್ಥವಾಗಿಲ್ಲ.

ಕೆರೆಬೇಟೆಯ ವಿಷಯ ಎರಡು ಮಾತು ಹೇಳದಿದ್ದರೆ ನಮ್ಮೂರವರು ನನ್ನನ್ನು ಕ್ಷಮಿಸಲಾರರು. ಬೇಸಗೆಯ ಕೊನೆಗೆ, ಕೆರೆಯ ನೀರು ಮೊಣಕಾಲಿಗೆ ಇಳಿದಾಗ, ಊರಿನವರು ದಿನ ಗೊತ್ತುಮಾಡಿ ಸುತ್ತಲಿನ ಹಳ್ಳಿಗಳಿಗೆ ಸಾರುತ್ತಾರೆ. ಕೂಣಿಯೆಂಬುದು ಬಿದಿರಿನ ಸೀಳುಗಳಿಂದ ಹೆಣೆದ, ಮೇಲೂ ಕೆಳಗೂ ಬಾಯುಳ್ಳ ಗೋಪುರದಂಥ ಬುಟ್ಟಿ. ಒಂದೊಂದು ಕೂಣಿಗೂ ಇಷ್ಟೆಂದು ಹಣ ಕಟ್ಟಿ, ಪೂಜೆಯಾದ ಮೇಲೆ, ಒಂದೇ ಕೂಗಿಗೆ ನೂರಾರು ಜನ ಕೆಸರಿಗೆ ಧುಮುಕುತ್ತಾರೆ. ಕೂಣಿಯನ್ನು ಕೆಸರಿಗೆ ಒತ್ತುವುದು, ಒಳಗೆ ಅಲುಗಾಡಿದರೆ ಮೇಲಿನ ಬಾಯಿಂದ ಕೈ ಹಾಕುವುದು. ಸಿಕ್ಕಿದ್ದು ಸಿಕ್ಕಿದವನಿಗೆ, ಕೂಡಿದ ಹಣ ದೇವಸ್ಥಾನಕ್ಕೋ ಊರ ಕೆಲಸಕ್ಕೋ. ಹೋದ ಸಲ ನಾನೂ ಒಂದು ಕೂಣಿ ಎರವಲು ತೆಗೆದುಕೊಂಡು ಇಳಿದೆ. ಕೈ ಹಾಕಿದಾಗ ಚೇಳುಮೀನು ಚುಚ್ಚಿತು. ಅದರ ಮುಳ್ಳಿನ ಉರಿ ಸಂಜೆಯವರೆಗೆ ಇಳಿಯಲಿಲ್ಲ. ಯಜಮಾನರು ತಾವು ಹಿಡಿದದ್ದರಲ್ಲಿ ಎರಡು ಮುರುಗೋಡನ್ನು ನನ್ನ ಚೀಲಕ್ಕೆ ಹಾಕಿ, ಮನೆಯಲ್ಲಿ ನಾನೇ ಹಿಡಿದೆನೆಂದು ಹೇಳಲು ಸಲಹೆ ಕೊಟ್ಟರು. ಹೇಳಿದೆ. ನಂಬಲಿಲ್ಲ.

ಈಗ ಮಳೆಗಾಲ. ನನ್ನ ಕೋಲು ಅಟ್ಟದ ಮೇಲಿದೆ. ದೀಪಾವಳಿ ಕಳೆದು ನೀರು ತಿಳಿಯಾಗುವವರೆಗೆ ಅದನ್ನು ಇಳಿಸುವುದಿಲ್ಲ. ಆದರೂ ಸಂಜೆಗೆ ಕೊಡೆ ಹಿಡಿದು ಏರಿಯ ಮೇಲೆ ಒಂದು ಸುತ್ತು ಹೋಗಿ ಬರುತ್ತೇನೆ, ಚಪ್ಪಲಿಯನ್ನು ತೂಬಿನ ಹತ್ತಿರ ಬಿಟ್ಟು. ಮೊನ್ನೆ ಮೂಡಣ ಮೂಲೆಯ ಜೊಂಡಿನ ಪಕ್ಕದಲ್ಲಿ ಮತ್ತೆ ಕೆಂಪು ಕಂಡಿತು, ತಟ್ಟೆಯಷ್ಟಗಲ. ನಾನು ನಿಂತು ನೋಡುತ್ತಿದ್ದಂತೆ ಅದರ ಕೆಳಗೆ ಕಪ್ಪಗೆ, ಉದ್ದವಾಗಿ ಏನೋ ತಿರುಗಿತು. ಯಜಮಾನರಿಗೆ ಹೋಗಿ ಹೇಳಿದೆ. ಅವರು ಸುತ್ತ ಒಮ್ಮೆ ನೋಡಿ, ದನಿ ತಗ್ಗಿಸಿ, “ಎಲ್ಲಿ ಅಂತ ಬೇರೆ ಯಾರ ಹತ್ರಾನೂ ಹೇಳ್ಬೇಡಿ ಮೇಷ್ಟ್ರೆ,” ಎಂದರು.

ಅದರಿಂದಲೇ, ಇಷ್ಟು ಮಾತನಾಡಿಯೂ ಆ ಕೆರೆಯ ಹೆಸರನ್ನು ನಾನು ಎಲ್ಲಿಯೂ ಹೇಳಲಿಲ್ಲ.